ಉಪ್ಪುನೀರಿನ ತೊಟ್ಟಿಗೆ ಬಿಟ್ಟ ಸಿಗಡಿ ಎರಡೇ ದಿನಕ್ಕೆ ಸಾಯುವುದು ಯಾಕೆ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲೂ ಈಗ ಅಲ್ಲೊಂದು ಇಲ್ಲೊಂದು ಉಪ್ಪುನೀರಿನ ಅಕ್ವೇರಿಯಂ ಕಾಣುತ್ತದೆ. ಸಮುದ್ರ ಘಟ್ಟದ ಕೆಳಗಿದ್ದರೇನು, ನೀರಿಗೆ ಬೆರೆಸಿ ಸಮುದ್ರದ ನೀರು ಮಾಡುವ ಸಾಲ್ಟ್ ಮಿಕ್ಸ್ ಕೊರಿಯರ್‌ನಲ್ಲಿ ಮನೆಗೇ ಬರುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಬಸ್ಸಿಗೆ ಹಾಕಿದ ಥರ್ಮಾಕೋಲ್ ಪೆಟ್ಟಿಗೆ ಬೆಳಗಾಗುವುದರೊಳಗೆ ಇಲ್ಲಿರುತ್ತದೆ. ಒಂದು ಜೋಡಿ ಕ್ಲೌನ್ ಮೀನು ಬದುಕಿ, ಧೈರ್ಯ ಬಂದ ಮೇಲೆ ಎಲ್ಲರೂ ಆಸೆಪಡುವುದು ಸಿಗಡಿಗೆ.

ತೊಂದರೆ ಶುರುವಾಗುವುದೂ ಅಲ್ಲೇ. ಬಿಟ್ಟ ದಿನ ಸಿಗಡಿ ಚೆನ್ನಾಗಿಯೇ ಓಡಾಡುತ್ತದೆ. ಮಾರನೇ ದಿನ ಒಂದು ಮಗ್ಗುಲಿಗೆ ಬಿದ್ದು ಸುಮ್ನೆ ಕಾಲು ಅಲ್ಲಾಡಿಸುತ್ತಿರುತ್ತದೆ. ಮೂರನೇ ದಿನಕ್ಕೆ ಹೋಗಿರುತ್ತದೆ. ಅದೇ ನೀರಲ್ಲಿರುವ ಮೀನಿಗೆ ಏನೂ ಆಗಿರುವುದಿಲ್ಲ. ಹಾಗಾಗಿ ಅಂಗಡಿಯವರು ಕೆಟ್ಟ ಸಿಗಡಿ ಕೊಟ್ಟರು ಅನ್ನಿಸುವುದು ಸಹಜ. ಕೆಲವೊಮ್ಮೆ ಅದೂ ನಿಜವೇ. ಆದರೆ ಬಹಳಷ್ಟು ಸಲ ಕಾರಣ ಇರುವುದು ಚೀಲದ ನೀರಿಗೂ ತೊಟ್ಟಿಯ ನೀರಿಗೂ ನಡುವಿನ ವ್ಯತ್ಯಾಸದಲ್ಲಿ.

ಯಾವ ಸಿಗಡಿಯ ಮಾತು ಇದು

ನಮ್ಮ ಹಳ್ಳದಲ್ಲಿ ಸಿಗುವ ಸಿಹಿನೀರಿನ ಸಿಗಡಿ ಇದಲ್ಲ. ಉಪ್ಪುನೀರಿನ ತೊಟ್ಟಿಯಲ್ಲಿ ಸಾಮಾನ್ಯವಾಗಿ ಸಾಕುವುದು ಹವಳದ ದಂಡೆಗಳಲ್ಲಿ ಬದುಕುವ ಜಾತಿಗಳನ್ನು. ಎಲ್ಲರಿಗೂ ಗೊತ್ತಿರುವುದು ಕ್ಲೀನರ್ ಶ್ರಿಂಪ್. ಕೆಂಪು ಬೆನ್ನಿನ ಮೇಲೆ ನಡುವೆ ಒಂದು ಬಿಳಿ ಪಟ್ಟಿ, ಮೈಗಿಂತ ಉದ್ದದ ಬಿಳಿ ಮೀಸೆ. ಮೀನುಗಳ ಮೈಗೆ ಹತ್ತಿದ ಪರಾವಲಂಬಿ ಹುಳ, ಸತ್ತ ಚರ್ಮ ಎಲ್ಲವನ್ನೂ ಹೆಕ್ಕಿ ತಿನ್ನುವುದರಿಂದ ಆ ಹೆಸರು. ಇನ್ನೊಂದು ಪೆಪ್ಪರ್‌ಮಿಂಟ್ ಶ್ರಿಂಪ್. ಕಲ್ಲಿನ ಮೇಲೆ ಕಳೆಯಂತೆ ಹಬ್ಬುವ ಐಪ್ಟೇಸಿಯಾ ಎಂಬ ಜೀವಿಯನ್ನು ತಿನ್ನುತ್ತದೆ ಅಂತ ಇದನ್ನು ತರುತ್ತಾರೆ. ಕೆಂಪು-ಬಿಳಿ ಪಟ್ಟೆಯ, ಉದ್ದ ಕೊಂಡಿಯ ಕೋರಲ್ ಬ್ಯಾಂಡೆಡ್ ಶ್ರಿಂಪ್ ಕೂಡ ಸಿಗುತ್ತದೆ. ಇದು ಜಗಳಗಂಟ. ಜೋಡಿ ಅಲ್ಲದ ಎರಡನ್ನು ಒಟ್ಟಿಗೆ ಬಿಟ್ಟರೆ ಒಂದು ಉಳಿಯುವುದು ಅನುಮಾನ.

ಹೊನ್ನಾವರ, ಕುಮಟಾ ಕಡೆ ನೆಂಟರಿದ್ದವರು ಒಂದು ಪ್ರಶ್ನೆ ಕೇಳುತ್ತಾರೆ. ಶರಾವತಿ, ಅಘನಾಶಿನಿ ಅಳಿವೆಯ ಸಿಗಡಿಗಳು ಮಳೆಗಾಲದ ಸಿಹಿನೀರನ್ನೂ ಬೇಸಿಗೆಯ ಉಪ್ಪುನೀರನ್ನೂ ತಾಳಿಕೊಳ್ಳುತ್ತವಲ್ಲ, ಇವಕ್ಕೇನು ದಾಡಿ? ಅಳಿವೆಯ ಜಾತಿಗಳಿಗೆ ಉಪ್ಪಿನ ಏರಿಳಿತ ವರ್ಷವರ್ಷದ ಅಭ್ಯಾಸ. ಮೈಯೊಳಗಿನ ಉಪ್ಪನ್ನು ಹಿಡಿತದಲ್ಲಿಟ್ಟುಕೊಳ್ಳುವ ಶಕ್ತಿ ಅವಕ್ಕಿದೆ. ಹವಳದ ದಂಡೆಯಲ್ಲಿ ಉಪ್ಪು ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ಅಲ್ಲಿನ ಸಿಗಡಿಗೆ ದಿಢೀರ್ ಬದಲಾವಣೆ ಗೊತ್ತೇ ಇಲ್ಲ.

ಉಪ್ಪಿನ ಲೆಕ್ಕ

ಸಮುದ್ರದ ಒಂದು ಕಿಲೋ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ ಇರುತ್ತದೆ. ಇದನ್ನೇ 35 ಪಿಪಿಟಿ ಅನ್ನುತ್ತಾರೆ. ಅಂಗಡಿಯಲ್ಲಿ ಹೆಚ್ಚಾಗಿ ಕೇಳಿಬರುವ ಇನ್ನೊಂದು ಲೆಕ್ಕ ಸ್ಪೆಸಿಫಿಕ್ ಗ್ರ್ಯಾವಿಟಿ. ಅಂದರೆ ಶುದ್ಧ ನೀರಿಗಿಂತ ಈ ನೀರು ಎಷ್ಟು ಭಾರ ಅನ್ನುವುದು. ಸಮುದ್ರದ ನೀರಿಗೆ ಅದು 1.025ರಿಂದ 1.026. ಸಿಗಡಿ, ಹವಳ ಇರುವ ತೊಟ್ಟಿಯನ್ನು ಇದರ ಆಸುಪಾಸಿನಲ್ಲೇ ಇಡಬೇಕು.

ಈಗ ಅಂಗಡಿಯ ಕಡೆ ನೋಡಿ. ಮೀನು ಮಾರುವವರು ಎಷ್ಟೋ ಸಲ ನೀರನ್ನು 1.018, 1.020ರಲ್ಲೇ ಇಟ್ಟಿರುತ್ತಾರೆ. ಉಪ್ಪಿನ ಖರ್ಚು ಉಳಿಯುತ್ತದೆ, ಮೀನಿನ ಪರಾವಲಂಬಿಗಳ ಕಾಟವೂ ಕಡಿಮೆ. ಮೀನು ತಡೆದುಕೊಳ್ಳುತ್ತದೆ. ಅದೇ ನೀರಲ್ಲಿದ್ದ ಸಿಗಡಿಯನ್ನು ತಂದು ನೇರ 1.025ಕ್ಕೆ ಬಿಟ್ಟರೆ ಏನಾಗುತ್ತದೆ?

ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟಾಗ ಆಗುವುದೇ ಆಗುತ್ತದೆ. ಮಿಡಿಯೊಳಗಿನ ನೀರು ಹೊರಗೆ ಬಂದು ಮಿಡಿ ಸುಕ್ಕಾಗುತ್ತದೆ ಅಲ್ವಾ? ಹೊರಗೆ ಉಪ್ಪು ಜಾಸ್ತಿ ಇದ್ದರೆ ಒಳಗಿನ ನೀರು ತೆಳು ಪೊರೆ ದಾಟಿ ಆ ಕಡೆಗೆ ಹರಿಯುತ್ತದೆ. ಸಿಗಡಿಯ ಜೀವಕೋಶಗಳಲ್ಲೂ ಇದೇ ನಡೆಯುತ್ತದೆ. ಹೊರಗೆ ಉಪ್ಪು ಕಡಿಮೆಯಿದ್ದರೆ ತಿರುಗುಮುರುಗು, ನೀರು ಒಳನುಗ್ಗಿ ಕೋಶ ಊದಿಕೊಳ್ಳುತ್ತದೆ. ನಿಧಾನವಾಗಿ ಆದರೆ ಮೈ ಹೊಂದಿಕೊಳ್ಳುತ್ತದೆ. ನಿಮಿಷದೊಳಗೆ ಆದರೆ ಇಲ್ಲ. ಪೆಟ್ಟು ಕಾಣಲು ಒಂದೆರಡು ದಿನ ಬೇಕಾಗುವುದರಿಂದ ಬಿಟ್ಟ ಗಳಿಗೆಗೂ ಸಾವಿಗೂ ಸಂಬಂಧವೇ ಇಲ್ಲ ಅನ್ನಿಸುತ್ತದೆ.

ಹಾಗಾಗಿ ಮೊದಲು ಅಳೆಯಬೇಕಾದ್ದು ಚೀಲದ ನೀರು. ಜನ ತೊಟ್ಟಿಯ ನೀರನ್ನು ದಿನಾ ಅಳೆಯುತ್ತಾರೆ, ಚೀಲದ ನೀರನ್ನು ಅಳೆಯುವುದೇ ಇಲ್ಲ. ಅಳೆಯಲು ರಿಫ್ರ್ಯಾಕ್ಟೋಮೀಟರ್ ಒಳ್ಳೆಯದು. ಗಾಜಿನ ಮೇಲೆ ಎರಡು ಹನಿ ನೀರು ಬಿಟ್ಟು, ಬೆಳಕಿನ ಕಡೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಸೇರುವ ಗೆರೆಯಲ್ಲಿ ಅಂಕಿ ಕಾಣುತ್ತದೆ. ಇದನ್ನು 35 ಪಿಪಿಟಿಯ ಮಾದರಿ ದ್ರಾವಣ ಹಾಕಿ ಆಗಾಗ ಸರಿಮಾಡಿಕೊಳ್ಳಬೇಕು. ಮುಳ್ಳು ಮೇಲೇಳುವ ಪ್ಲಾಸ್ಟಿಕ್ ಹೈಡ್ರೋಮೀಟರ್ ಅಗ್ಗ. ಆದರೆ ಮುಳ್ಳಿಗೆ ಒಂದು ಗಾಳಿಗುಳ್ಳೆ ಅಂಟಿದರೆ ಸುಳ್ಳು ಹೇಳುತ್ತದೆ.

ಹನಿ ಹನಿಯಾಗಿ ಬೆರೆಸುವುದು

ಇದಕ್ಕೆ ಡ್ರಿಪ್ ಅಕ್ಲಿಮೇಷನ್ ಅನ್ನುತ್ತಾರೆ. ಕೆಲಸ ಸುಲಭ, ತಾಳ್ಮೆ ಬೇಕು. ಮೊದಲು ಚೀಲವನ್ನು ಬಿಚ್ಚದೆ 15-20 ನಿಮಿಷ ತೊಟ್ಟಿಯಲ್ಲಿ ತೇಲಿಬಿಡಿ. ಬಿಸಿ ಸಮ ಆಗಲಿ. ಆಮೇಲೆ ಸಿಗಡಿಯನ್ನು ಚೀಲದ ನೀರಿನ ಸಮೇತ ಸೋಪು ಕಾಣದ ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ ಸುರಿಯಿರಿ. ಗಾಳಿ ಪಂಪಿನ ಸಣ್ಣ ಪೈಪಿನ ಒಂದು ತುದಿಯನ್ನು ತೊಟ್ಟಿಗೆ ಹಾಕಿ, ಇನ್ನೊಂದು ತುದಿ ಬಕೆಟ್ಟಿಗೆ ಇಳಿಯಲಿ. ಪೈಪಿಗೆ ಒಂದು ಸಡಿಲ ಗಂಟು ಹಾಕಿ ಬಿಗಿ ಮಾಡುತ್ತಾ ಹೋದರೆ ಹನಿ ಬೀಳುವ ವೇಗ ನಿಮ್ಮ ಕೈಲಿರುತ್ತದೆ. ಸೆಕೆಂಡಿಗೆ ಎರಡು-ಮೂರು ಹನಿ ಸಾಕು.

ಎಷ್ಟು ಹೊತ್ತು? ಒಂದು ಗಂಟೆ ಸಾಕು ಅನ್ನುವವರು ಈ ಲೆಕ್ಕ ಒಮ್ಮೆ ಮಾಡಿ ನೋಡಲಿ. 20 ಹನಿಗೆ ಸುಮಾರು 1 ಮಿಲಿಲೀಟರ್. ಸೆಕೆಂಡಿಗೆ ಮೂರು ಹನಿ ಅಂದರೆ ಗಂಟೆಗೆ ಸುಮಾರು ಅರ್ಧ ಲೀಟರ್. ಚೀಲದಲ್ಲಿ ಅರ್ಧ ಲೀಟರ್ ನೀರಿತ್ತು, ಅದರ ಉಪ್ಪು 26 ಪಿಪಿಟಿ, ತೊಟ್ಟಿಯದು 34 ಅಂತ ಇಟ್ಟುಕೊಳ್ಳಿ. ಒಂದು ಗಂಟೆಯ ನಂತರ ಬಕೆಟ್ಟಿನ ನೀರು ಎರಡರಷ್ಟಾಗಿರುತ್ತದೆ, ಉಪ್ಪು 30ಕ್ಕೆ ಬಂದಿರುತ್ತದೆ. ಇನ್ನೂ 4 ಬಾಕಿ. ಅರ್ಧ ನೀರು ಚೆಲ್ಲಿ ಇನ್ನೊಂದು ಗಂಟೆ ಬಿಟ್ಟರೆ 32. ಮತ್ತೆ ಹಾಗೇ ಮಾಡಿದರೆ 33. ಅಂದರೆ ಇಷ್ಟು ವ್ಯತ್ಯಾಸ ಇದ್ದಾಗ ಮೂರು ಗಂಟೆಯೇ ಬೇಕು. ಚೀಲದ ನೀರು, ತೊಟ್ಟಿಯ ನೀರು ಮೊದಲೇ ಸಮ ಇದ್ದರೆ ಅರ್ಧ ಗಂಟೆಯಲ್ಲೇ ಮುಗಿಸಬಹುದು. ಗಡಿಯಾರ ನೋಡಿ ತೀರ್ಮಾನ ಮಾಡಬೇಡಿ. ಬಕೆಟ್ಟಿನ ನೀರನ್ನು ಕಣ್ಣಾರೆ ಅಳೆದು, ತೊಟ್ಟಿಯ ಅಂಕಿಗೆ ಬಂತು ಅಂದಮೇಲೆ ಬಿಡಿ.

ಚಳಿಗಾಲದಲ್ಲಿ ಇನ್ನೊಂದು ಸಂಗತಿ. ಮಲೆನಾಡಿನ ಡಿಸೆಂಬರ್ ಬೆಳಗಿನಲ್ಲಿ ನೆಲದ ಮೇಲಿಟ್ಟ ಬಕೆಟ್ ಮೂರು ಗಂಟೆಯಲ್ಲಿ ತಣ್ಣಗಾಗಿಬಿಡುತ್ತದೆ. ತೊಟ್ಟಿ 25 ಡಿಗ್ರಿಯಲ್ಲಿ, ಬಕೆಟ್ 19ರಲ್ಲಿ ಇದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಬಕೆಟ್ಟನ್ನು ಥರ್ಮಾಕೋಲ್ ಪೆಟ್ಟಿಗೆಯೊಳಗೇ ಇಡಿ, ಅಥವಾ ಸಣ್ಣ ಹೀಟರ್ ಹಾಕಿ.

ರಾತ್ರಿಯಿಡೀ ಪ್ರಯಾಣ ಮಾಡಿದ ಚೀಲ

ಮೇಲಿನ ವಿಧಾನ ಊರಿನ ಅಂಗಡಿಯಿಂದ ತಂದ ಸಿಗಡಿಗೆ ಸರಿ. ಎಂಟು-ಹತ್ತು ಗಂಟೆ ಚೀಲದಲ್ಲಿ ಕೂತು ಬಂದದ್ದಕ್ಕೆ ಅದೇ ವಿಧಾನ ಅಪಾಯ ತರಬಹುದು. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಕಟ್ಟಿದ ಚೀಲದಲ್ಲಿ ಸಿಗಡಿ ಉಸಿರಾಡುತ್ತಾ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದು ನೀರಲ್ಲಿ ಕರಗಿ ಪಿಎಚ್ ಇಳಿಯುತ್ತದೆ, ಅಂದರೆ ನೀರು ಆಮ್ಲದ ಕಡೆಗೆ ವಾಲುತ್ತದೆ. ಜೊತೆಗೆ ಸಿಗಡಿಯ ವಿಸರ್ಜನೆಯಿಂದ ಅಮೋನಿಯಾ ಸೇರುತ್ತಾ ಹೋಗುತ್ತದೆ. ಪಿಎಚ್ ಕಡಿಮೆ ಇರುವಾಗ ಈ ಅಮೋನಿಯಾದ ಬಹುಭಾಗ ಅಮೋನಿಯಂ ಎಂಬ ರೂಪದಲ್ಲಿರುತ್ತದೆ. ಅದು ಅಷ್ಟು ವಿಷವಲ್ಲ. ಚೀಲ ಬಿಚ್ಚಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. 8.2ರ ಆಸುಪಾಸಿನ ಪಿಎಚ್ ಇರುವ ತೊಟ್ಟಿ ನೀರು ಹನಿಯುತ್ತಿದ್ದಂತೆ ಬಕೆಟ್ಟಿನ ಪಿಎಚ್ ಏರುತ್ತದೆ. 7ರಿಂದ 8.2ಕ್ಕೆ ಏರಿದರೆ ವಿಷದ ರೂಪದ ಅಮೋನಿಯಾದ ಪಾಲು ಹತ್ತು ಪಟ್ಟಿಗೂ ಜಾಸ್ತಿಯಾಗುತ್ತದೆ. ಅದೇ ನೀರಲ್ಲಿ ಮೂರು ಗಂಟೆ ಕೂರಿಸುವುದು ಅಂದರೆ ವಿಷದಲ್ಲಿ ಕೂರಿಸಿದ ಹಾಗೆಯೇ.

ಇದಕ್ಕೊಂದು ದಾರಿ ಇದೆ. ಕಳಿಸುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, ನಿಮ್ಮ ನೀರಿನ ಉಪ್ಪು ಎಷ್ಟು ಅಂತ ಕೇಳಿ. ಅಷ್ಟೇ ಉಪ್ಪಿನ ಹೊಸ ನೀರನ್ನು ಒಂದು ಬಕೆಟ್ಟಿನಲ್ಲಿ ಮಾಡಿಟ್ಟು, ಗಾಳಿ ಪಂಪ್ ಹಾಕಿ, ತೊಟ್ಟಿಯ ಬಿಸಿಗೆ ತಂದಿಡಿ. ಪೆಟ್ಟಿಗೆ ಬಂದಾಗ ಚೀಲವನ್ನು ಬಿಚ್ಚದೆ ಬಿಸಿ ಸಮ ಮಾಡಿ. ಬಿಚ್ಚಿದ ತಕ್ಷಣ ಒಂದು ಚಮಚದಷ್ಟು ನೀರು ತೆಗೆದು ಅಳೆಯಿರಿ, ಫೋನಿನಲ್ಲಿ ಹೇಳಿದ ಅಂಕಿ ಯಾವಾಗಲೂ ಸರಿ ಇರುವುದಿಲ್ಲ. ಸರಿ ಇದ್ದರೆ ಸಿಗಡಿಯನ್ನು ಕೂಡಲೇ ಆ ಹೊಸ ಬಕೆಟ್ಟಿಗೆ ದಾಟಿಸಿ. ಅಮೋನಿಯಾ ಚೀಲದಲ್ಲೇ ಉಳಿಯಿತು. ಇನ್ನು ಈ ಶುದ್ಧ ನೀರಿಗೆ ತೊಟ್ಟಿಯ ನೀರನ್ನು ನಿಧಾನವಾಗಿ ಹನಿಸುತ್ತಾ ಹೋದರಾಯಿತು.

ಕೊನೆಗೆ ದಾಟಿಸುವಾಗ ಬಲೆ ಬಳಸಬೇಡಿ. ಕಾಲು, ಮೀಸೆ ಸಿಕ್ಕಿಕೊಂಡು ಮುರಿಯುತ್ತವೆ. ಒಂದು ಲೋಟದಲ್ಲಿ ಮೊಗೆದು ಬಿಡಿ. ಚೀಲದ ನೀರನ್ನು ತೊಟ್ಟಿಗೆ ಸುರಿಯಬೇಡಿ.

ತೊಟ್ಟಿ ತಯಾರಿದೆಯಾ?

ನೀರು ತುಂಬಿ ವಾರಕ್ಕೇ ಸಿಗಡಿ ಬಿಟ್ಟರೆ ಯಾವ ಡ್ರಿಪ್ಪೂ ಕಾಯುವುದಿಲ್ಲ. ತೊಟ್ಟಿಯ ಕಲ್ಲು, ಮರಳಿನ ಮೇಲೆ ಬ್ಯಾಕ್ಟೀರಿಯಾ ನೆಲೆಯಾಗಬೇಕು. ಅವು ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ಅಷ್ಟು ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. ಇದಕ್ಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬರುವವರೆಗೆ ಕಾಯಿರಿ. ಆಮೇಲೂ ಇನ್ನೊಂದಷ್ಟು ವಾರ ಬಿಟ್ಟು ಸಿಗಡಿ ತಂದರೆ ಇನ್ನೂ ಒಳ್ಳೆಯದು.

ಅಡುಗೆ ಉಪ್ಪು, ಕಲ್ಲುಪ್ಪು ನಡೆಯುವುದಿಲ್ಲ. ಸಮುದ್ರದ ನೀರಿನ ಲೀಟರಿನಲ್ಲಿ ಸುಮಾರು 400 ಮಿಲಿಗ್ರಾಂ ಕ್ಯಾಲ್ಸಿಯಂ, 1,300 ಮಿಲಿಗ್ರಾಂ ಮೆಗ್ನೀಸಿಯಂ ಇರುತ್ತದೆ. ಸಿಗಡಿ ಹೊಸ ಚಿಪ್ಪು ಕಟ್ಟುವುದಕ್ಕೆ ಇವೆಲ್ಲ ಬೇಕು. ಇನ್ನು ಜೋಗದ ದಾರಿ ಹಿಡಿದು ಹೊನ್ನಾವರಕ್ಕೆ ಹೋಗಿ ಸಮುದ್ರದ ನೀರನ್ನೇ ಕ್ಯಾನಿನಲ್ಲಿ ತರಬಹುದಲ್ಲ ಅಂದರೆ, ಮಳೆಗಾಲದಲ್ಲಿ ಅಂತೂ ಬೇಡ. ಶರಾವತಿ ಸಮುದ್ರ ಸೇರುವುದೇ ಅಲ್ಲಿ. ದಡದ ನೀರಿನ ಉಪ್ಪು ಎಷ್ಟೆಂದು ಹೇಳುವ ಹಾಗಿಲ್ಲ.

ತಾಮ್ರ: ಮಲೆನಾಡಿನವರು ಇದನ್ನು ಎರಡು ಸಲ ಓದಬೇಕು

ಮೀನಿಗೆ ಬಿಳಿ ಚುಕ್ಕೆ ರೋಗ ಬಂದರೆ ಕೊಡುವ ಮುಖ್ಯ ಔಷಧಗಳಲ್ಲಿ ತಾಮ್ರವೂ ಒಂದು. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಇದ್ದರೆ ಪರಾವಲಂಬಿ ಸಾಯುತ್ತದೆ, ಮೀನು ಉಳಿಯುತ್ತದೆ. ಸಿಗಡಿ ಮಾತ್ರ ಉಳಿಯುವುದಿಲ್ಲ. ಅದರ ಕಿವಿರನ್ನು ತಾಮ್ರ ಹಾಳುಮಾಡುತ್ತದೆ. ಆದ್ದರಿಂದ ಮೀನಿಗೆ ಔಷಧ ಕೊಡುವುದಿದ್ದರೆ ಬೇರೆ ತೊಟ್ಟಿಯಲ್ಲೇ ಕೊಡಬೇಕು. ಒಮ್ಮೆ ಹಾಕಿದ ತಾಮ್ರ ಕಲ್ಲು, ಮರಳಿನೊಳಗೆ ಸೇರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತಿರುತ್ತದೆ. ಸೆಕೆಂಡ್ ಹ್ಯಾಂಡ್ ತೊಟ್ಟಿಯನ್ನು ಕಲ್ಲಿನ ಸಮೇತ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ನಮ್ಮ ಕಡೆ ತಾಮ್ರ ಬರುವ ದಾರಿ ಬೇರೆಯೂ ಇವೆ. ಅಡಿಕೆಗೆ ಕೊಳೆರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣ ಅಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತದ ಕಾಲುಭಾಗ ತಾಮ್ರವೇ. 100 ಲೀಟರಿಗೆ 1 ಕಿಲೋ ತುತ್ತ ಹಾಕಿದ ಶೇಕಡಾ 1ರ ದ್ರಾವಣದ ಪ್ರತಿ ಲೀಟರಿನಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರ ಇರುತ್ತದೆ. ಅದರ ಮೂರೇ ಟೀ ಚಮಚ 200 ಲೀಟರಿನ ತೊಟ್ಟಿಗೆ ಸೇರಿದರೆ ಒಟ್ಟು ತಾಮ್ರ ಆ ಮೀನಿನ ಔಷಧದ ಪ್ರಮಾಣಕ್ಕೇ ಬಂದು ನಿಲ್ಲುತ್ತದೆ. ಯಾರೂ ಬೇಕಂತ ಸುರಿಯುವುದಿಲ್ಲ, ನಿಜ. ಆದರೆ ಔಷಧಿ ಹೊಡೆದ ಕೈ, ತುತ್ತ ಕದಡಿದ ಬಕೆಟ್, ತೋಟದ ಪಕ್ಕದ ಮಾಡಿನಿಂದ ಹಿಡಿದ ಮಳೆನೀರು, ಬಚ್ಚಲಿನ ತಾಮ್ರದ ಹಂಡೆಯ ನೀರು, ಇವೆಲ್ಲ ತೊಟ್ಟಿಯ ಹತ್ತಿರ ಬರಬಾರದು. ಅಕ್ವೇರಿಯಂಗೆ ಅಂತಲೇ ಒಂದು ಬಕೆಟ್, ಒಂದು ಚೊಂಬು ಎತ್ತಿಡಿ. ಪ್ಲಾಸ್ಟಿಕ್ಕಿನದು.

ಇನ್ನೊಂದು ದಾರಿ ಅಡುಗೆಮನೆಯಲ್ಲೇ ಇದೆ. ಈಗಿನ ಎಷ್ಟೋ ಆರ್‌ಒ ಫಿಲ್ಟರ್‌ಗಳು ಆರೋಗ್ಯಕ್ಕೆ ಒಳ್ಳೆಯದು ಅಂತ ಕುಡಿಯುವ ನೀರಿಗೆ ತಾಮ್ರವನ್ನೇ ಸೇರಿಸುತ್ತವೆ. ಆ ನೀರಲ್ಲಿ ಉಪ್ಪು ಕರಗಿಸಬೇಡಿ. ಕರಗಿದ ಲವಣಗಳನ್ನು ಒಟ್ಟಾರೆ ಅಳೆಯುವ ಟಿಡಿಎಸ್ ಮೀಟರ್ ಕಡಿಮೆ ತೋರಿಸುತ್ತಿದೆಯಲ್ಲ ಅಂತ ಸಮಾಧಾನ ಪಡುವ ಹಾಗೂ ಇಲ್ಲ. ಸಿಗಡಿ ಕೊಲ್ಲುವಷ್ಟು ತಾಮ್ರ ಆ ಮೀಟರಿಗೆ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಬೇಕಾದ್ದು ಏನನ್ನೂ ಮರಳಿ ಸೇರಿಸದ ಆರ್‌ಒ, ಅದರಿಂದ ಬಂದ ನೀರಲ್ಲಿ ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಎಂಬ ಹರಳು. ತುಂಗೆಯ ನೀರು ಮೃದು, ಸಿಹಿ ಅಂತ ನಲ್ಲಿಯಿಂದ ನೇರ ಹಿಡಿಯುವುದೂ ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ.

ತಮಾಷೆ ಅಂದರೆ ಸಿಗಡಿಯ ರಕ್ತದಲ್ಲೇ ತಾಮ್ರ ಇದೆ. ನಮ್ಮ ರಕ್ತದಲ್ಲಿ ಆಮ್ಲಜನಕ ಹೊರಲು ಕಬ್ಬಿಣ ಇದ್ದಂತೆ ಅದರಲ್ಲಿ ತಾಮ್ರ. ಅದಕ್ಕೆ ಬೇಕಾಗುವ ಚೂರುಪಾರು ಆಹಾರದಿಂದ ಸಿಗುತ್ತದೆ. ಹಾಗಾಗಿ ಮೀನಿನ ಆಹಾರದ ಡಬ್ಬಿಯ ಮೇಲೆ ಕಾಪರ್ ಸಲ್ಫೇಟ್ ಅಂತ ಓದಿ ಹೆದರಬೇಕಿಲ್ಲ.

ಸೊಳ್ಳೆ ಔಷಧಿಯ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಲಿಕ್ವಿಡ್, ಕಾಯಿಲ್, ಸ್ಪ್ರೇಗಳಲ್ಲಿರುವ ಪೈರೆಥ್ರಾಯ್ಡ್‌ಗಳು ಸಿಗಡಿ ಜಾತಿಗೆ ಘೋರ ವಿಷ. ತೊಟ್ಟಿ ಇರುವ ಕೋಣೆಯಲ್ಲಿ ಸೊಳ್ಳೆಪರದೆಯೇ ಗತಿ. ಕಾಡಿಗೆ ಹೋಗುವಾಗ ಉಣುಗಿಗೆ ಅಂತ ಹಚ್ಚಿದ ಎಣ್ಣೆಯ ಕೈಯನ್ನೂ ನೀರಿಗೆ ಹಾಕಬೇಡಿ.

ಸತ್ತಿದೆಯೋ, ಪೊರೆ ಬಿಟ್ಟಿದೆಯೋ?

ಸಿಗಡಿಯ ಹೊರಚಿಪ್ಪು ಬೆಳೆಯುವುದಿಲ್ಲ. ಮೈ ಬೆಳೆದಾಗ ಹಳೆಯದನ್ನು ಕಳಚಿ ಹೊಸದು ಕಟ್ಟಿಕೊಳ್ಳಬೇಕು. ಇದೇ ಮೋಲ್ಟ್. ಹೊಸ ನೀರಿಗೆ ಬಂದ ಒಂದೆರಡು ದಿನದಲ್ಲಿ ಎಷ್ಟೋ ಸಿಗಡಿ ಪೊರೆ ಬಿಡುತ್ತವೆ. ಬೆಳಗ್ಗೆ ಎದ್ದು ನೋಡಿದರೆ ಮರಳಿನ ಮೇಲೆ ಮೀಸೆ, ಕಾಲು ಸಮೇತ ಇಡೀ ಸಿಗಡಿ ಬಿದ್ದಿರುತ್ತದೆ. ಅಯ್ಯೋ ಅನ್ನುವ ಮೊದಲು ಹತ್ತಿರದಿಂದ ನೋಡಿ. ಪೊರೆಯಾದರೆ ಆರಪಾರ ಕಾಣುತ್ತದೆ, ಕಣ್ಣಿನ ಜಾಗ ಟೊಳ್ಳು, ತಲೆಯ ಭಾಗ ಮುಗಿದು ಹೊಟ್ಟೆ ಶುರುವಾಗುವಲ್ಲಿ ಸೀಳಿರುತ್ತದೆ, ನೀರಿನ ಸೆಳೆತಕ್ಕೆ ಅಲ್ಲಿಂದಿಲ್ಲಿಗೆ ತೇಲುತ್ತಿರುತ್ತದೆ. ಸತ್ತಿದ್ದರೆ ಒಳಗೆ ಮಾಂಸ ಇರುತ್ತದೆ, ಬೆಳ್ಳಗೆ ಅಥವಾ ನಸುಗೆಂಪಾಗಿ ಮಂಕಾಗಿ ಕಾಣುತ್ತದೆ. ಅದನ್ನು ಕೂಡಲೇ ತೆಗೆಯಿರಿ, ಇಲ್ಲದಿದ್ದರೆ ನೀರು ಕೆಡುತ್ತದೆ.

ಪೊರೆ ಬಿಟ್ಟ ಸಿಗಡಿ ಒಂದೆರಡು ದಿನ ಕಲ್ಲಿನ ಸಂದಿಯಲ್ಲಿ ಅಡಗಿರುತ್ತದೆ. ಆಗ ಅದರ ಮೈ ಮೆತ್ತಗೆ. ಹುಡುಕಲು ಕಲ್ಲು ಎತ್ತಬೇಡಿ. ಸುಲಭವಾಗಿ ಪೊರೆ ಬಿಡಲಿ ಅಂತ ಅಯೋಡಿನ್ ಹನಿ ಹಾಕುವ ಸಲಹೆ ಎಲ್ಲೆಡೆ ಸಿಗುತ್ತದೆ. ಒಳ್ಳೆಯ ಸಾಲ್ಟ್ ಮಿಕ್ಸ್‌ನಲ್ಲಿ ನಿಯಮಿತವಾಗಿ ನೀರು ಬದಲಿಸುತ್ತಿದ್ದರೆ ಅದರ ಅಗತ್ಯ ನನಗೆ ಕಾಣುವುದಿಲ್ಲ. ಜಾಸ್ತಿ ಬಿದ್ದರೆ ಅದೇ ಕೆಡುಕು.

ತೊಟ್ಟಿಯಲ್ಲಿ ಆಗಲೇ ಇರುವವರು

ಟ್ರಿಗರ್, ಪಫರ್, ಲಯನ್ ಮೀನು, ಹಾಕ್ ಮೀನು ಮತ್ತು ದೊಡ್ಡ ರಾಸ್ ಜಾತಿಗಳಿಗೆ ಸಿಗಡಿ ಅಂದರೆ ಊಟ. ಅವಿದ್ದರೆ ಸಿಗಡಿಯ ಆಸೆ ಬಿಡಿ. ಕ್ಲೌನ್, ಗೋಬಿ ಇದ್ದರೆ ಹೆದರಿಕೆ ಇಲ್ಲ. ಆದರೂ ದೀಪ ಆರಿಸಿ, ಲೋಟವನ್ನು ಕಲ್ಲಿನ ಬುಡದವರೆಗೆ ಇಳಿಸಿ ಬಿಡಿ. ಮೇಲಿನಿಂದ ಬಿಟ್ಟರೆ ತೇಲುತ್ತಾ ಇಳಿಯುವ ಸಿಗಡಿಯನ್ನು ಆಹಾರ ಅಂತ ತಿಳಿದು ಮೀನು ಕುಕ್ಕುತ್ತದೆ. ಮೊದಲ ದಿನ ತಿನ್ನದಿದ್ದರೆ ಚಿಂತೆ ಬೇಡ.

ಮಳೆ ಮತ್ತು ಕರೆಂಟು

ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ. 200 ಲೀಟರಿನಲ್ಲಿ 10 ಲೀಟರ್ ಆರಿದರೆ 35 ಇದ್ದ ಉಪ್ಪು ಸುಮಾರು 37 ಆಗುತ್ತದೆ. ಆಗ ಒಂದೇ ಸಲ ಸಿಹಿನೀರು ಸುರಿದರೆ ಸಿಗಡಿಗೆ ಮತ್ತೆ ಅದೇ ಪೆಟ್ಟು. ಗಾಜಿನ ಮೇಲೆ ಒಂದು ಗೆರೆ ಎಳೆದು, ದಿನಾ ಸ್ವಲ್ಪ ಸ್ವಲ್ಪ ಆರ್‌ಒ ನೀರು ಹಾಕಿ. ಏಪ್ರಿಲ್‌ನಲ್ಲಿ ಬೇಗ ಇಳಿಯುವ ನೀರು ಜುಲೈನ ತೇವದಲ್ಲಿ ಅಷ್ಟಾಗಿ ಇಳಿಯುವುದಿಲ್ಲ. ಅಳತೆ ಮಾಡದೆ ಅಭ್ಯಾಸಬಲದಿಂದ ಚೊಂಬು ಸುರಿಯುತ್ತಾ ಹೋದರೆ ಗೆರೆ ದಾಟಿ ಉಪ್ಪು ಕಡಿಮೆಯಾಗುತ್ತದೆ.

ಮರ ಬಿದ್ದು ಲೈನ್ ಹೋದರೆ ಮಲೆನಾಡಿನಲ್ಲಿ ಕರೆಂಟು ಬರುವುದು ಯಾವಾಗ ಅಂತ ಯಾರಿಗೆ ಗೊತ್ತು? 25 ಡಿಗ್ರಿಯ ಸಿಹಿನೀರಿನ ಲೀಟರಿನಲ್ಲಿ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು. ಅದೇ ಬಿಸಿಯ ಸಮುದ್ರದ ನೀರಿನಲ್ಲಿ 7ಕ್ಕಿಂತ ಕಡಿಮೆ. ನೀರು ಕಲಕುವುದು ನಿಂತರೆ ಅದೂ ಬೇಗ ಖರ್ಚಾಗುತ್ತದೆ. ಇನ್ವರ್ಟರ್‌ಗೆ ನೀರು ಕಲಕುವ ಪಂಪು, ಅಂದರೆ ವೇವ್‌ಮೇಕರ್ ಒಂದನ್ನಾದರೂ ಜೋಡಿಸಿ. ಅದಿಲ್ಲದಿದ್ದರೆ ಬ್ಯಾಟರಿಯ ಗಾಳಿ ಪಂಪ್ ಸಾಕು. ಹೀಟರನ್ನು ಇನ್ವರ್ಟರ್‌ಗೆ ಹಾಕಬೇಡಿ, ಬ್ಯಾಟರಿ ಬೇಗ ಮುಗಿಯುತ್ತದೆ. ತೊಟ್ಟಿಗೆ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ತೆರೆದಿಡಿ. ಹೊಸ ಸಿಗಡಿ ತರಿಸುವುದನ್ನು ಜೂನ್-ಜುಲೈನ ಜೋರು ಮಳೆ ಕಳೆಯುವವರೆಗೆ ಮುಂದೂಡಿದರೆ ಬಸ್ ತಡವಾಗುವ ಚಿಂತೆಯೂ ಇರುವುದಿಲ್ಲ.